ಇಂಟರ್ವಲ್ ಆದಮೇಲೆ ಅವರೆಲ್ಲ ಎಲ್ಲಿ ಹೋಗ್ತಾರೆ?

ಕನ್ನಡ ಸಿನಿಮಾಗಳಿಗೆ ಚಿತ್ರಕಥೆ ಬರೆಯುವ ಎಲ್ಲರಿಗೂ ನಮಸ್ಕಾರ.

ಶೋ ಬಿಟ್ಟಮೇಲೆ ಥಿಯೇಟರಿನ ಪಾರ್ಕಿಂಗ್ ಹತ್ತಿರ ಐದು ನಿಮಿಷ ನಿಂತರೆ ನಿಮಗೆ ಬೇಕಾದ ವಿಮರ್ಶೆಯೆಲ್ಲ ಪುಕ್ಕಟೆ ಸಿಗುತ್ತದೆ. ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ ಒಬ್ಬ ಹೇಳುತ್ತಾನೆ, “ಫಸ್ಟ್ ಹಾಫ್ ಸಖತ್ತಾಗಿತ್ತು ಗುರು, ಸೆಕೆಂಡ್ ಹಾಫ್ ಎಳೆದ್ಬಿಟ್ರು.” ಹಿಂದೆ ಕೂರುವವನು “ಹ್ಞೂಂ, ಲ್ಯಾಗು” ಅನ್ನುತ್ತಾನೆ. ಗಾಡಿ ಹೊರಡುತ್ತದೆ. ಮೈಸೂರಿನಲ್ಲೂ ಇದೇ ಮಾತು, ಹಾಸನದಲ್ಲೂ ಇದೇ ಮಾತು, ಬೆಂಗಳೂರಿನ ಮಾಲ್‌ಗಳ ಎಸ್ಕಲೇಟರ್ ಇಳಿಯುವಾಗಲೂ ಇದೇ. ಕೇಳಿ ಕೇಳಿ ನಿಮ್ಮ ಕಿವಿ ಅದಕ್ಕೆ ಒಗ್ಗಿಹೋಗಿರಬೇಕು. ಅದಕ್ಕೇ ಅದೇ ಮಾತನ್ನು ಸ್ವಲ್ಪ ಬಿಡಿಸಿ ಬರೆಯೋಣವೆಂದು ಕೂತಿದ್ದೇನೆ.

ನಾನು ಶನಿವಾರ ರಾತ್ರಿಯ ಶೋಗೋ ಭಾನುವಾರದ ಮ್ಯಾಟಿನಿಗೋ ಹೋಗುವ ಮಾಮೂಲಿ ಗಿರಾಕಿ. ಟ್ರೇಲರ್ ನೋಡಿರುತ್ತೇನೆ, ವಿಮರ್ಶೆ ಓದಿರುವುದಿಲ್ಲ. ಯಾವ ಸ್ಟಾರಿನ ಕಟೌಟಿಗೂ ಹಾಲು ಸುರಿದವನಲ್ಲ, ಯಾವ ಫಿಲ್ಮ್ ಸೊಸೈಟಿಯ ಮೆಂಬರೂ ಅಲ್ಲ. ಲೆನ್ಸು, ಲೈಟಿಂಗು, ಗ್ರೇಡಿಂಗು ನನಗೆ ತಿಳಿಯದ ಸಂಗತಿಗಳು. ಸೀಟಿನಲ್ಲಿ ಕೂತ ನನ್ನ ಬೆನ್ನು ಯಾವಾಗ ನೋಯಲು ಶುರುವಾಗುತ್ತದೆ ಎಂಬುದಷ್ಟೇ ಚೆನ್ನಾಗಿ ಗೊತ್ತು. ಸಾಮಾನ್ಯವಾಗಿ ಅದು ಇಂಟರ್ವಲ್ ಮುಗಿದು, ಕೊನೆಯ ಪಾಪ್‌ಕಾರ್ನಿನವನು ಕತ್ತಲಲ್ಲಿ ತಡಕಾಡಿ ತನ್ನ ಸಾಲು ಹುಡುಕಿಕೊಂಡು ಕೂತಮೇಲೆ.

ಈ ನೋವಿಗೆ ಸಿನಿಮಾದ ಉದ್ದ ಕಾರಣ ಅಂತ ಎಡಿಟರ್ ಮೇಲೆ ಹಾಕಿಬಿಡುವುದು ಸುಲಭ. “ಹತ್ತು ನಿಮಿಷ ಟ್ರಿಮ್ ಮಾಡಿದ್ರೆ ಸರಿಹೋಗ್ತಿತ್ತು” ಅನ್ನುತ್ತಾರಲ್ಲ, ಹಾಗೆ. ಬಿಡುಗಡೆಯಾದ ವಾರದಲ್ಲೇ ಹತ್ತು ನಿಮಿಷ ಕತ್ತರಿಸಿ ಮತ್ತೆ ಬಿಟ್ಟ ಸಿನಿಮಾಗಳನ್ನೂ ನೋಡಿದ್ದೇನೆ. ಸರಿಹೋಗಿರಲಿಲ್ಲ. ನನ್ನ ತಕರಾರು ಬೇರೆ. ಫಸ್ಟ್ ಹಾಫ್‌ನಲ್ಲಿ ನೀವು ನಮಗೆ ಒಂದು ಬೀದಿಯನ್ನು ತೋರಿಸುತ್ತೀರಿ. ಆ ಬೀದಿಯಲ್ಲಿ ಹೀರೋನ ಅಮ್ಮ, ಸಾಲ ಕೊಡದ ಅಂಗಡಿ ಶೆಟ್ಟರು, ಲವ್ ಲೆಟರ್ ಬರೆದುಕೊಡುವ ಗೆಳೆಯ, ಬಾಡಿಗೆ ಕೇಳಲು ಬರುವ ಓನರು, ಎದುರುಮನೆಯ ಅಜ್ಜಿ ಎಲ್ಲ ಇರುತ್ತಾರೆ. ಅವರನ್ನು ನೀವು ಬರೆಯುವ ಚಂದಕ್ಕೆ ನಾವು ಮಾರುಹೋಗುತ್ತೇವೆ. ಆಮೇಲೆ ಒಂದು ಢಮಾರ್ ಶಬ್ದ, ಹೀರೋನ ಕಣ್ಣು ಕ್ಲೋಸಪ್ಪಿನಲ್ಲಿ, ಪರದೆ ಮೇಲೆ ಕೆಂಪು ಅಕ್ಷರದ “ಇಂಟರ್ವಲ್”. ನಾವು ಕಾಫಿ ಕುಡಿದು ವಾಪಸ್ ಬರುವಷ್ಟರಲ್ಲಿ ಇಡೀ ಬೀದಿಯೇ ಖಾಲಿ! ಅದರ ಜಾಗದಲ್ಲಿ ಒಂದು ಗೋಡೌನು, ಸಾಲಾಗಿ ಡ್ರಮ್ಮುಗಳು, ಕಪ್ಪು ಸ್ಕಾರ್ಪಿಯೋಗಳು, ಮುಂಬೈಯಿಂದ ಬಂದ ವಿಲನ್ನು. ಅವನಿಗೊಂದು ಫ್ಲ್ಯಾಶ್‌ಬ್ಯಾಕು. ಇವನ್ಯಾರು ನಮಗೆ? ನಾವು ದುಡ್ಡು ಕೊಟ್ಟು ನೋಡಲು ಬಂದದ್ದು ಆ ಅಂಗಡಿ ಶೆಟ್ಟರನ್ನು.

2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’ ನೆನಪಿಸಿಕೊಳ್ಳಿ. ದೊಡ್ಡ ಸ್ಟಾರ್ ಇಲ್ಲ, ಊರೂರಿನಲ್ಲಿ ಹೋರ್ಡಿಂಗ್ ಇಲ್ಲ. ಬಿಡುಗಡೆಗೆ ಮೊದಲು ಕೆಲವು ಕಡೆ ಪೇಯ್ಡ್ ಪ್ರೀಮಿಯರ್ ಮಾಡಿದರು, ಮಿಕ್ಕಿದ್ದನ್ನು ಜನರೇ ಒಬ್ಬರಿಗೊಬ್ಬರು ಫೋನ್ ಮಾಡಿ ಹೇಳಿಕೊಂಡರು. ನಾನು ಹೋದ ಶೋನಲ್ಲಿ ಮೊದಲ ಎರಡು ಸಾಲೂ ಭರ್ತಿ. ಕರಾವಳಿಯ ಒಂದು ಹಳ್ಳಿ. ಹುಡುಗಿ ಸ್ನಾನ ಮಾಡುವಾಗ ಇಣುಕಿ ಸಿಕ್ಕಿಬಿದ್ದ ಅಶೋಕ ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದ ಹಾಗೆ ಆಡುತ್ತಾನೆ. ದೆವ್ವದ ಹೆಸರು ಸುಲೋಚನಾ, ಊರು ಸೋಮೇಶ್ವರ. ಅಲ್ಲಿಂದ ಊರಿಗೆ ಊರೇ ಸುಲೋಚನೆಯ ಹಿಂದೆ. ಮದುವೆ ಮನೆಯಾಗಲಿ ಸಾವಿನ ಮನೆಯಾಗಲಿ, ಊರವರೆಲ್ಲ ‘ಭಾವ’ ಎಂದು ಕರೆಯುವವರು ಕಾಲಿಟ್ಟರೆ ಸಾಕು ಥಿಯೇಟರಿನಲ್ಲಿ ಅವರ ಮಾತು ಕೇಳಿಸುತ್ತಿರಲಿಲ್ಲ, ಅಷ್ಟು ನಗು. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ಪಂಚೆ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು.

ಇಂಟರ್ವಲ್ ಬಂದಾಗ ನನಗೆ ಹೆದರಿಕೆ ಶುರುವಾಯಿತು. ಇನ್ನು ಈ ಜನರನ್ನೆಲ್ಲ ಬದಿಗೆ ಸರಿಸಿ ನಿಜವಾದ ದೆವ್ವವನ್ನು ತರುತ್ತಾರೆ, ಗ್ರಾಫಿಕ್ಸ್‌ನಲ್ಲಿ ಹಾರಾಡಿಸುತ್ತಾರೆ ಅಂದುಕೊಂಡೆ. ನಿರ್ದೇಶಕ ಜೆ.ಪಿ. ತುಮಿನಾಡ್ ಹಾಗೆ ಮಾಡಲಿಲ್ಲ. ಸುಲೋಚನೆಯ ಮಗಳು ಭಾನು ಕತೆಯೊಳಗೆ ಬರುತ್ತಾಳೆ. ಅಶೋಕ ಬಾಯಿಗೆ ಬಂದಂತೆ ಹೇಳಿದ ಸುಳ್ಳು ನಿಜವಾದ ಕಷ್ಟದಲ್ಲಿರುವ ಒಂದು ಹೆಣ್ಣಿನ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಊರಿನ ರವಿಯಣ್ಣ ಅಲ್ಲೇ ಇದ್ದಾನೆ, ಭಾವ ಅಲ್ಲೇ ಇದ್ದಾರೆ, ಅದೇ ಊರು, ಅದೇ ಜಗಲಿ. ಹೊಸಬರಾಗಿ ಬಂದ ಗುರೂಜಿಯೂ ಈ ಊರಿನ ಪೆದ್ದುತನಕ್ಕೆ ಸಿಕ್ಕಿಹಾಕಿಕೊಂಡು ಒದ್ದಾಡುತ್ತಾರೆಯೇ ಹೊರತು ಊರನ್ನು ನುಂಗುವುದಿಲ್ಲ. ನಗು ಸ್ವಲ್ಪ ಕಡಿಮೆಯಾಯಿತು, ಹೌದು. ಭಾನುವಿನ ಭಾಗ ಇನ್ನಷ್ಟು ಗಟ್ಟಿಯಾಗಿರಬಹುದಿತ್ತು, ಅವಳಿಗೆ ಕೊಟ್ಟ ಕಣ್ಣೀರಿನಷ್ಟು ಮಾತು ಕೊಟ್ಟಿಲ್ಲ ಅಂತಲೂ ಅನ್ನಿಸಿತು. ಆದರೂ ಆವತ್ತು ಪಾರ್ಕಿಂಗ್‌ನಲ್ಲಿ ಯಾರೂ “ಎಳೆದ್ಬಿಟ್ರು” ಅನ್ನಲಿಲ್ಲ. ಎಲ್ಲರೂ ಭಾವನ ನಡಿಗೆ ನಡೆಯುತ್ತಿದ್ದರು. ಆ ಸಿನಿಮಾ ನೂರು ಕೋಟಿ ದಾಟಿತೆಂದು ಪತ್ರಿಕೆಗಳು ಬರೆದವು. ಅದಕ್ಕೆ ನೂರು ಕಾರಣ ಹುಡುಕಿದವರಿದ್ದಾರೆ. ಫಸ್ಟ್ ಹಾಫ್‌ನ ಜನರನ್ನು ಸೆಕೆಂಡ್ ಹಾಫ್‌ನಲ್ಲಿ ಮನೆಗೆ ಕಳಿಸಲಿಲ್ಲ ಎಂಬುದನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಿ.

ಕರಾವಳಿಯವರ ಗುಟ್ಟು ಇದು ಅಂತ ಗಾಂಧಿನಗರದಲ್ಲಿ ಹೇಳುವುದುಂಟಂತೆ. ಕರಾವಳಿಯದಷ್ಟೇ ಅಲ್ಲ, ಹಳೆಯದನ್ನು ನೋಡಿ. 1972ರ ‘ನಾಗರಹಾವು’ 2018ರಲ್ಲಿ ಹೊಸ ಪ್ರಿಂಟಿನಲ್ಲಿ ಮತ್ತೆ ಬಿಡುಗಡೆಯಾಯಿತಲ್ಲ, ಆಗ ಮೈಸೂರಿನ ಒಂದು ಸಿಂಗಲ್ ಸ್ಕ್ರೀನ್‌ನಲ್ಲಿ ನೋಡಿದೆ. ಟಿವಿಯಲ್ಲಿ ತುಂಡುತುಂಡಾಗಿ ನೋಡಿದ್ದೇ ಬೇರೆ. ವಿಷ್ಣುವರ್ಧನ್ ರಾಮಾಚಾರಿಯಾಗಿ ಬಂದಾಗ ನಾಣ್ಯ ಎಸೆದರು, ಅಂಬರೀಶ್ ಜಲೀಲನಾಗಿ ಬಂದು ‘ಬುಲ್‌ಬುಲ್’ ಎಂದಾಗ ಛಾವಣಿ ಕಿತ್ತುಹೋಗುವಷ್ಟು ಶಿಳ್ಳೆ. ನನ್ನ ಮುಂದಿನ ಸಾಲಿನಲ್ಲಿ ಆರೇಳು ಕಾಲೇಜು ಹುಡುಗರು, ಪ್ರತಿ ಡೈಲಾಗನ್ನೂ ಪರದೆಗಿಂತ ಒಂದು ಕ್ಷಣ ಮುಂಚೆ ಹೇಳುತ್ತಿದ್ದರು. ಚಾಮಯ್ಯ ಮೇಷ್ಟ್ರು ಕೇಳಿಕೊಂಡರೆಂದು ರಾಮಾಚಾರಿ ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಹುಡುಗರು ಆಗಲೂ ಕೂಗಾಡುತ್ತಲೇ ಇದ್ದರು. ಕತೆ ಮುಂದೆ ಹೋಗಿ, ಹೋಟೆಲಿನ ಕೋಣೆಯಲ್ಲಿ ಅದೇ ಅಲಮೇಲು ಅವನ ಎದುರು ಬಂದು ನಿಂತಳು, ಮೈಮಾರಿಕೊಳ್ಳುವ ಹೆಣ್ಣಾಗಿ. ಆ ಸಾಲಿನ ಸದ್ದು ನಿಂತುಹೋಯಿತು. ಒಬ್ಬ ಮಾತ್ರ ಡೈಲಾಗ್ ಶುರುಮಾಡಿದ, ಪಕ್ಕದವನು ಅವನ ತೊಡೆ ಮೇಲೆ ಹೊಡೆದು ಸುಮ್ಮನಿರಿಸಿದ.

ಆ ದೃಶ್ಯಕ್ಕೆ ಅಷ್ಟು ಶಕ್ತಿ ಬಂದದ್ದು ಎಲ್ಲಿಂದ? ಮೇಷ್ಟ್ರ ಒಂದು ಮಾತು, ರಾಮಾಚಾರಿಯ ಒಂದು ತ್ಯಾಗ, ಎರಡನ್ನೂ ನಾವು ಆಗಲೇ ನೋಡಿ ಒಪ್ಪಿಕೊಂಡುಬಿಟ್ಟಿದ್ದೆವು. ಗುರುವಿನ ಮಾತು ಕೇಳಿದ ಶಿಷ್ಯ, ಒಳ್ಳೆಯದೇ ಆಯಿತು ಅಂದುಕೊಂಡಿದ್ದೆವು. ನಿರ್ದೇಶಕ ಪುಟ್ಟಣ್ಣ ಕಣಗಾಲ್ ಆ ಒಪ್ಪಿಗೆಯನ್ನೇ ತಂದು ನಮ್ಮ ಮುಖಕ್ಕೆ ಹಿಡಿಯುತ್ತಾರೆ. ಮುಂದೆ ಕೊನೆಗೆ ಬೆಟ್ಟದ ಮೇಲೆ ಮೇಷ್ಟ್ರಿಗೆ ಆಗುವುದೂ ಅದೇ ಲೆಕ್ಕದ ಬಾಕಿ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದು ಸಿನಿಮಾ ಮಾಡಿದ್ದರು, ಅಷ್ಟು ಕತೆ ಅಷ್ಟು ಜನರ ನಡುವೆಯೂ ಮೇಷ್ಟ್ರು ಕಳೆದುಹೋಗಲಿಲ್ಲ. ಅದರ ಹಿಂದಿನ ವರ್ಷದ ‘ಶರಪಂಜರ’ವಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ನಿಜವಾದ ಕತೆ ಶುರುವಾಗುವುದೇ ನಾಯಕಿ ಕಾವೇರಿ ಮಾನಸಿಕ ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬಂದಮೇಲೆ. ಹಿಂದೆ ಅವಳನ್ನು ಮೆಚ್ಚಿ ಮಾತಾಡಿಸುತ್ತಿದ್ದವರೇ ಈಗ ಅವಳ ಕೈಯಲ್ಲಿ ಒಂದು ಲೋಟ ಕಂಡರೂ ಹಿಂದೆ ಸರಿಯುತ್ತಾರೆ. ಹೊಸ ವಿಲನ್ ಬೇಕಾಗಲಿಲ್ಲ. ಗಂಡ, ನೆಂಟರು, ಅಕ್ಕಪಕ್ಕದವರು ಸಾಕಾದರು. ಬಹುಕಾಲ ಓಡಿದ ಸಿನಿಮಾ ಅದು.

‘ಮುಂಗಾರು ಮಳೆ’ಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮ್ಮಲ್ಲಿ ಅರ್ಧ ಜನ ಅದನ್ನು ನೋಡಿಯೇ ಈ ಕಸುಬಿಗೆ ಬಂದವರು. ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷ ದಾಟಿ ಓಡಿದ ಆ ಸಿನಿಮಾದ ಸೆಕೆಂಡ್ ಹಾಫ್‌ನಲ್ಲಿ ಇರುವುದು ಒಂದು ಮದುವೆಮನೆ, ಮಳೆ, ಕಿವಿ ಕೇಳದ ಕರ್ನಲ್ಲು, ಒಂದು ಮೊಲ. ಮೊಲವನ್ನು ಕೊನೆಯವರೆಗೂ ಮರೆಯಲಿಲ್ಲ ನೋಡಿ. ಯೋಗರಾಜ ಭಟ್ಟರು ಅದನ್ನು ಇಂಟರ್ವಲ್ ಹತ್ತಿರ ಕಾಡಿಗೆ ಬಿಟ್ಟಿದ್ದರೆ ಏನಾಗುತ್ತಿತ್ತು ಯೋಚಿಸಿ.

ನಿಮ್ಮ ಕಷ್ಟ ನನಗೆ ಪೂರಾ ತಿಳಿಯದೆಯೂ ಇಲ್ಲ. ಟೂರಿಂಗ್ ಟಾಕೀಸಿನ ಕಾಲದಲ್ಲಿ ಒಂದೇ ಪ್ರೊಜೆಕ್ಟರ್, ರೀಲು ಬದಲಾಯಿಸುವಾಗಲೆಲ್ಲ ಲೈಟು ಹಾಕುತ್ತಿದ್ದರು. ಜನ ಕಡ್ಲೆಕಾಯಿ ತಿನ್ನುತ್ತ ಕಾಯುತ್ತಿದ್ದರು, ಕತೆ ಬರೆಯುವವನಿಗೆ ಅದರ ಗೊಡವೆ ಇರಲಿಲ್ಲ. ಈಗ ಯಂತ್ರಕ್ಕೆ ವಿರಾಮ ಬೇಡ, ಕ್ಯಾಂಟೀನಿಗೆ ಬೇಕು. ಮಲ್ಟಿಪ್ಲೆಕ್ಸ್‌ಗಳ ಆದಾಯದಲ್ಲಿ ಪಾಪ್‌ಕಾರ್ನಿನ ಪಾಲು ಸಣ್ಣದೇನಲ್ಲ. ಕ್ರಿಸ್ಟೋಫರ್ ನೋಲನ್ ಮೂರು ಗಂಟೆಯ ‘ಆಪನ್‌ಹೈಮರ್’ ಅನ್ನು ನಡುವೆ ಎಲ್ಲೂ ನಿಲ್ಲಿಸದೆ ಮಾಡಿದ್ದರೂ 2023ರಲ್ಲಿ ನಮ್ಮಲ್ಲಿ ಅದನ್ನು ನಡುವೆ ಕಡಿದು ಸಮೋಸಾ ಮಾರಿದರು. ಅಂಥ ಕಡೆ ಇಂಟರ್ವಲ್ ಇಲ್ಲದ ಕತೆ ಬರೆಯಿರಿ ಅಂತ ನಿಮ್ಮನ್ನು ಕೇಳುವುದಿಲ್ಲ. ನನಗೂ ಕಾಫಿ ಬೇಕು.

ಕಷ್ಟ ಅಲ್ಲಿಲ್ಲ. ನೀವು ‘ಇಂಟರ್ವಲ್ ಬ್ಲಾಕ್’ ಅಂತ ಕರೆಯುವ ಆ ಐದು ನಿಮಿಷಕ್ಕೆ ಎಷ್ಟು ತಲೆ ಖರ್ಚು ಮಾಡುತ್ತೀರೆಂದರೆ ಆಮೇಲೆ ಖರ್ಚಿಗೆ ಏನೂ ಉಳಿದಿರುವುದಿಲ್ಲ. ಪ್ರೊಡ್ಯೂಸರ್‌ಗೆ, ಹೀರೋಗೆ ನರೇಶನ್ ಕೊಡುವಾಗಲೂ ಅಲ್ಲಿಯವರೆಗೆ ಕೈಕಾಲು ಆಡಿಸಿಕೊಂಡು ಹೇಳಿ, “ಇಲ್ಲಿ ಇಂಟರ್ವಲ್ ಸಾರ್, ಥಿಯೇಟರ್ ಬ್ಲಾಸ್ಟ್!” ಎಂದು ನಿಲ್ಲಿಸುತ್ತೀರಂತೆ, ಅವರು ಅಲ್ಲೇ ಕೈಕುಲುಕಿ ಅಡ್ವಾನ್ಸ್ ಕೊಡುತ್ತಾರಂತೆ. ಸುಳ್ಳೋ ನಿಜವೋ, ಪರದೆ ಮೇಲೆ ಕಾಣುವುದು ಮಾತ್ರ ಹಾಗೆಯೇ. ಸೆಕೆಂಡ್ ಹಾಫ್‌ನಲ್ಲಿ ಹೀರೋ ಮನುಷ್ಯನಾಗಿ ಉಳಿಯುವುದಿಲ್ಲ, ಎಲಿವೇಷನ್ ಆಗುತ್ತಾನೆ. ನಡೆದರೂ ಬಿಲ್ಡಪ್, ಕೂತರೂ ಬಿಲ್ಡಪ್. ಅವನ ಬಗ್ಗೆ ಅವನೊಬ್ಬನನ್ನು ಬಿಟ್ಟು ಮಿಕ್ಕ ಎಲ್ಲರೂ ಗುಡುಗುವ ದನಿಯಲ್ಲಿ ಮಾತಾಡುತ್ತಾರೆ. ‘ಕೆಜಿಎಫ್’ ಆ ಮಾತುಗಳಿಗೆ ಒಂದು ಗಣಿ ಕಟ್ಟಿಕೊಟ್ಟಿತ್ತು, ಅಮ್ಮನಿಗೆ ಕೊಟ್ಟ ಮಾತಿನ ಒಂದು ದಾರವನ್ನು ಎರಡು ಭಾಗಗಳ ಉದ್ದಕ್ಕೂ ಹಿಡಿದುಕೊಂಡಿತ್ತು. ಅದನ್ನು ನೋಡಿ ಬಂದ ಎಷ್ಟೋ ಸಿನಿಮಾಗಳು ಗುಡುಗನ್ನು ತಂದವು, ದಾರವನ್ನು ತರಲಿಲ್ಲ.

ಒಂದು ಪ್ಯಾರಾ ಹೀರೋಯಿನ್‌ಗಳಿಗೂ ಇರಲಿ. ಇಂಟರ್ವಲ್ ಆದಮೇಲೆ ಇವರು ಎಲ್ಲಿ ಹೋಗುತ್ತಾರೆ ಎಂಬುದು ಕನ್ನಡ ಚಿತ್ರರಂಗದ ದೊಡ್ಡ ನಿಗೂಢ. ಫಸ್ಟ್ ಹಾಫ್‌ನಲ್ಲಿ ಅವಳು ಡಾಕ್ಟರು, ರಿಪೋರ್ಟರು, ಐಪಿಎಸ್ ಪ್ರೊಬೇಷನರು. ಸೆಕೆಂಡ್ ಹಾಫ್‌ನಲ್ಲಿ ಒಂದು ಹಾಡಿಗೆ ವಿದೇಶಕ್ಕೆ ಹೋಗಿ ಬರುತ್ತಾಳೆ, ಆಮೇಲೆ ಕ್ಲೈಮ್ಯಾಕ್ಸ್‌ನಲ್ಲಿ ಕೈಕಟ್ಟಿಸಿಕೊಂಡು ಕುರ್ಚಿ ಮೇಲೆ ಕೂತಿರುತ್ತಾಳೆ. ಒಳ್ಳೆಯ ಸಿನಿಮಾಗಳಲ್ಲೂ ಈ ಕಾಯಿಲೆ ಇದೆ. ‘ಕಾಂತಾರ’ದ ಲೀಲಾ ಫಾರೆಸ್ಟ್ ಗಾರ್ಡ್, ತನ್ನ ಊರಿನವರ ವಿರುದ್ಧವೇ ಇಲಾಖೆಯ ಯೂನಿಫಾರ್ಮ್ ಹಾಕಿಕೊಂಡು ನಿಲ್ಲಬೇಕಾದ ಹುಡುಗಿ. ಆ ಸಿನಿಮಾದ ಅತಿ ಕಷ್ಟದ ಜಾಗದಲ್ಲಿ ನಿಂತವಳು ಅವಳೇ. ಹೀರೋ ಶಿವನಿಗೆ ಕೋಪ ಬರುತ್ತದೆ, ಅವಳಿಗೆ ಏನು ಬರುತ್ತದೆ ಎಂದು ಕೇಳಲು ಸಿನಿಮಾಕ್ಕೆ ಪುರುಸೊತ್ತಾಗಲಿಲ್ಲ.

ಹಾಗಂತ ‘ಕಾಂತಾರ’ವನ್ನು ಆ ಪಟ್ಟಿಗೆ ಸೇರಿಸುವಂತಿಲ್ಲ, ಯಾಕೆಂದರೆ ಅದರ ಕೊನೆಯ ಇಪ್ಪತ್ತು ನಿಮಿಷ ನನ್ನ ಇಡೀ ವಾದಕ್ಕೆ ಸಾಕ್ಷಿ. 2022ರ ಸೆಪ್ಟೆಂಬರ್ ಕೊನೆಗೆ ಬಂತು. ನಾನು ನೋಡುವ ಹೊತ್ತಿಗೆ ಊರೆಲ್ಲ ಅದೇ ಮಾತು. ನಡುವೆ ಒಂದಷ್ಟು ಹೊತ್ತು ಕತೆ ತೂಕಡಿಸುತ್ತದೆ. ಜೈಲು, ಜಾಮೀನು, ಅಪಾರ್ಥ, ತಪ್ಪು ತಿಳುವಳಿಕೆ. ಅರಣ್ಯಾಧಿಕಾರಿ ಮುರಳಿ ಊರಿನವರ ಕಡೆ ವಾಲುವುದೂ ಸ್ವಲ್ಪ ಅವಸರದಲ್ಲೇ. ಆಮೇಲೆ ದೈವ. ರಿಷಬ್ ಶೆಟ್ಟಿಯ ಅಭಿನಯ, ಅಜನೀಶರ ಸಂಗೀತ, ಎಲ್ಲವನ್ನೂ ಜನ ಹೊಗಳಿ ಆಗಿದೆ. ನನ್ನನ್ನು ಹಿಡಿದದ್ದು ಇನ್ನೊಂದು: ಸಿನಿಮಾದ ಶುರುವಿನಲ್ಲಿ ಕೋಲ ಕಟ್ಟಿದ ಅಪ್ಪ ಕಾಡಿನೊಳಗೆ ಓಡಿ ಮಾಯವಾಗುತ್ತಾನೆ. ಆ ದೃಶ್ಯ ನೋಡಿ ನಾವು ಎರಡು ಗಂಟೆ ಕೋಳಿ, ಕಂಬಳ, ಹಂದಿ ಬೇಟೆ ಅಂತ ಮರೆತು ಕೂತಿರುತ್ತೇವೆ. ಕೊನೆಯಲ್ಲಿ ಮಗ ಅದೇ ದಾರಿ ಹಿಡಿಯುತ್ತಾನೆ. ಮೊದಲ ಹತ್ತು ನಿಮಿಷದಲ್ಲಿ ನಮ್ಮಿಂದ ತೆಗೆದುಕೊಂಡ ಸಾಲವನ್ನು ಬಡ್ಡಿ ಸಮೇತ ತೀರಿಸಿದ ಹಾಗೆ. ಆ ದೈವದ ಕೂಗನ್ನು ಜನ ಥಿಯೇಟರಿನಲ್ಲಿ, ರಸ್ತೆಯಲ್ಲಿ ಅನುಕರಿಸತೊಡಗಿದಾಗ ದಯವಿಟ್ಟು ಬೇಡ, ಅದು ನಂಬಿಕೆಯ ವಿಷಯ ಎಂದು ರಿಷಬ್ ಕೇಳಿಕೊಳ್ಳಬೇಕಾಯಿತು. ನಾನಿದ್ದ ಶೋನಲ್ಲಿ ಅಂಥದ್ದೇನೂ ಆಗಲಿಲ್ಲ. ಹೆಸರುಗಳು ಓಡುವಾಗಲೂ ಜನ ಎದ್ದಿರಲಿಲ್ಲ, ಬಾಗಿಲು ತೆಗೆದ ಹುಡುಗ “ನಡೀರಿ ಸಾರ್, ಮುಂದಿನ ಶೋ ಇದೆ” ಅನ್ನಬೇಕಾಯಿತು.

ಸೆಕೆಂಡ್ ಹಾಫ್‌ಗೆ ಬೇರೆ ಟಿಕೆಟ್ಟೇ ಮಾಡಿದ ಮಹಾನುಭಾವರೂ ನಿಮ್ಮಲ್ಲಿದ್ದಾರೆ. ಹೇಮಂತ್ ರಾವ್ ‘ಸಪ್ತ ಸಾಗರದಾಚೆ ಎಲ್ಲೋ’ ಸಿನಿಮಾವನ್ನು ಕ್ಯಾಸೆಟ್ಟಿನಂತೆ ಸೈಡ್ ಎ, ಸೈಡ್ ಬಿ ಎಂದು ಎರಡು ಮಾಡಿದರು. ಒಂದು 2023ರ ಸೆಪ್ಟೆಂಬರ್ 1ಕ್ಕೆ, ಇನ್ನೊಂದು ನವೆಂಬರ್ 17ಕ್ಕೆ. ಅಂದರೆ ನಮಗೆ ಸಿಕ್ಕ ಇಂಟರ್ವಲ್ ಎರಡೂವರೆ ತಿಂಗಳದ್ದು! ಗೊಣಗಿಕೊಂಡೇ ಹೋದೆ. ಸೈಡ್ ಎ ತುಂಬ ನೀಲಿ, ಮನು ಮತ್ತು ಪ್ರಿಯಾ ಬಾಡಿಗೆ ಮನೆ ನೋಡುತ್ತ, ಸಮುದ್ರದ ಕನಸು ಕಾಣುತ್ತ ಇರುತ್ತಾರೆ. ಯಜಮಾನನ ಮಗ ಮಾಡಿದ ಆಕ್ಸಿಡೆಂಟಿನ ತಪ್ಪನ್ನು ಮನು ದುಡ್ಡಿಗಾಗಿ ತಲೆಮೇಲೆ ಹೊತ್ತುಕೊಳ್ಳುತ್ತಾನೆ. ಸೈಡ್ ಬಿ ಕೆಂಪು. ವರ್ಷಗಳಾದಮೇಲೆ ಜೈಲಿನಿಂದ ಹೊರಬಂದವನಿಗೆ ಪ್ರಿಯಾ ಇನ್ನೊಬ್ಬರ ಹೆಂಡತಿ, ಒಂದು ಮಗುವಿನ ತಾಯಿ. ಅವನು ಅವಳನ್ನು ದೂರದಿಂದ ನೋಡುತ್ತ ನಿಲ್ಲುವ ಕಡೆಯಲ್ಲೆಲ್ಲ ಸಿನಿಮಾ ಸೈಡ್ ಎಯನ್ನು ಮತ್ತೆ ನುಡಿಸುತ್ತಿದೆ ಅನ್ನಿಸುತ್ತಿತ್ತು. ಎರಡೂವರೆ ತಿಂಗಳ ಹಿಂದೆ ನೋಡಿದ್ದು ಸೀಟಿನಲ್ಲಿ ಕೂತ ಹಾಗೇ ನೆನಪಿಗೆ ಬಂತು. ಆದರೆ ಜೈಲಿನ ಹಗೆ ಹೊರಗೂ ಹಿಂಬಾಲಿಸಿ ಬಂದು ಹೊಡೆದಾಟ ಶುರುವಾದಾಗಲೆಲ್ಲ ನನ್ನ ಬೆನ್ನು ನೋಯಿತು. ಯಾರಿಗೆ ಬೇಕಿತ್ತು ಅದು? ಎರಡು ಟಿಕೆಟ್ ಕೊಂಡು ಬಂದವರು ಪ್ರಿಯಾಳ ಮುಖ ನೋಡಲು ಬಂದಿದ್ದರು. ಪ್ರಿಯಾ ಆದ ರುಕ್ಮಿಣಿ ವಸಂತ್ ಬಾಗಿಲು ತೆರೆದು ಸುಮ್ಮನೆ ನಿಂತರೂ ಸಾಕಿತ್ತು.

ಈ ಎರಡು ಭಾಗದ ಚಾಳಿ ಬಗ್ಗೆ ಒಂದೇ ಮಾತು. ಮೊದಲ ಭಾಗದ ಕೊನೆಯಲ್ಲಿ ಯಾರೋ ಗುಹೆಯೊಳಗೆ ಕಣ್ಣು ತೆರೆಯುವುದು, ಕಡಲಾಚೆ ಇನ್ನೊಬ್ಬ ವಿಲನ್ ಚುರುಟು ಹಚ್ಚುವುದು, “ಮುಂದುವರಿಯುವುದು” ಎಂದು ಬರುವುದು, ಇದಕ್ಕೆಲ್ಲ ಮುನ್ನ ಇವತ್ತಿನ ಟಿಕೆಟ್ಟಿನ ಕತೆ ಮುಗಿಸಿಕೊಡಿ. ಎರಡನೇ ಭಾಗ ಬರದೇ ಹೋದ ಸಿನಿಮಾಗಳ ಗುಹೆಗಳಲ್ಲಿ ಅದೆಷ್ಟು ಜನ ಕಣ್ಣು ಬಿಟ್ಟುಕೊಂಡು ಕೂತಿದ್ದಾರೋ ದೇವರೇ ಬಲ್ಲ.

ಇತ್ತೀಚೆಗೆ ಮನೆಯಲ್ಲಿ ಒಟಿಟಿಯಲ್ಲಿ ನೋಡುವಾಗಲೂ ‘ಇಂಟರ್ವಲ್’ ಎಂಬ ಕಾರ್ಡು ಎರಡು ಸೆಕೆಂಡ್ ಬಂದು ಹೋಗುತ್ತದೆ, ಗಮನಿಸಿದ್ದೀರಾ? ಕಾಫಿಯೂ ಇಲ್ಲ, ಲೈಟೂ ಇಲ್ಲ. ಅಲ್ಲಿ ನಮ್ಮ ಕೈಯಲ್ಲಿ ರಿಮೋಟ್ ಇರುತ್ತದೆ. ಗೋಡೌನು ಕಂಡ ತಕ್ಷಣ ಹತ್ತು ಸೆಕೆಂಡ್ ಮುಂದೆ, ಇನ್ನೂ ಹತ್ತು ಸೆಕೆಂಡ್ ಮುಂದೆ. ಥಿಯೇಟರಿನಲ್ಲಿ ಆ ಸೌಕರ್ಯವಿಲ್ಲ, ಅದಕ್ಕೇ ಅಲ್ಲಿ ನಮ್ಮ ಬೇಸರ ಗಟ್ಟಿಯಾಗಿ ಕೇಳುತ್ತದೆ. ಹಾಗೆಯೇ ಅಲ್ಲಿ ನಾವು ಕೊಡುವ ಸಲುಗೆಯೂ ಹೆಚ್ಚು. ನೀವು ಇಂಟರ್ವಲ್‌ವರೆಗೆ ತಂದ ಜನರಲ್ಲಿ ಒಬ್ಬರನ್ನಾದರೂ ಮತ್ತೆ ಬಾಗಿಲಲ್ಲಿ ನಿಲ್ಲಿಸಿದರೆ ನಾವು ಲಾಜಿಕ್ ಕೇಳುವುದಿಲ್ಲ, ಗ್ರಾಫಿಕ್ಸ್ ನೋಡಿ ನಗುವುದಿಲ್ಲ, ಹಾಡು ಹೆಚ್ಚಾಯಿತೆಂದು ಎದ್ದು ಹೋಗುವುದಿಲ್ಲ. ‘ಡೇರ್‌ಡೆವಿಲ್ ಮುಸ್ತಫಾ’ದಲ್ಲಿ ಕಾಲೇಜು ಹುಡುಗರ ಒಂದು ಕ್ರಿಕೆಟ್ ಮ್ಯಾಚಿಗೆ ಥಿಯೇಟರಿನಲ್ಲಿ ಕೂತ ಗೃಹಿಣಿಯರು ಕೈತಟ್ಟಿದ್ದನ್ನು ನೋಡಿದ್ದೇನೆ. ಅವರಿಗೇನು ಕ್ರಿಕೆಟ್ ಹುಚ್ಚಿರಲಿಲ್ಲ. ಬ್ಯಾಟ್ ಹಿಡಿದು ನಿಂತವನು ಅರ್ಧ ಸಿನಿಮಾದಿಂದ ಅವರಿಗೆ ಗೊತ್ತಿದ್ದ ಹುಡುಗ, ಅಷ್ಟೆ.

ಕಡೆಗೊಂದು ಸಣ್ಣ ವಿಚಾರಣೆ, ಸಾಧ್ಯವಾದರೆ ಉತ್ತರ ಕೊಡಿ. ಕಳೆದ ವರ್ಷ ನೋಡಿದ ಒಂದು ಸಿನಿಮಾದಲ್ಲಿ ಹೀರೋನ ತಂಗಿ ಕೆಎಎಸ್ ಪರೀಕ್ಷೆಗೆ ಓದುತ್ತಿರುತ್ತಾಳೆ. ರಾತ್ರಿಯೆಲ್ಲ ಓದಿ, ಇಂಟರ್ವಲ್‌ಗೆ ಸ್ವಲ್ಪ ಮುಂಚೆ ಅಣ್ಣನ ಬೈಕಿನ ಹಿಂದೆ ಕೂತು ಹಾಲ್ ಟಿಕೆಟ್ ಬಾಯಲ್ಲಿ ಕಚ್ಚಿಕೊಂಡು ಪರೀಕ್ಷೆಗೆ ಹೋಗುತ್ತಾಳೆ. ಆಮೇಲೆ ಅಣ್ಣ ಮೂರು ಊರು ಸುಟ್ಟು, ಎರಡು ಬಂದರು ವಶಮಾಡಿಕೊಂಡು, ಹೆಲಿಕಾಪ್ಟರ್ ಹತ್ತಿಹೋದ. ತಂಗಿಯ ಸುದ್ದಿಯೇ ಇಲ್ಲ. ಅದನ್ನು ಬರೆದವರು ಇದನ್ನು ಓದುತ್ತಿದ್ದರೆ ದಯವಿಟ್ಟು ತಿಳಿಸಿ: ಪ್ರಿಲಿಮ್ಸ್ ಆಯಿತಾ ಅವಳಿಗೆ? ನನ್ನ ಹೆಂಡತಿ ಇನ್ನೂ ಕೇಳುತ್ತಿದ್ದಾಳೆ.

ಇಂತಿ,
ನಿಮ್ಮ ಸಿನಿಮಾಕ್ಕೆ ಬರುವ ಒಬ್ಬ ಪ್ರೇಕ್ಷಕ